ಶಿರಸಿಯ ರಂಗಸ್ಥಳದಿಂದ ಕಿರುತೆರೆಯವರೆಗೆ: ಪೋಷಕ ನಟರಾಗಿ ಗಿರೀಶ ಕಾರ್ನಾಡ

ಗಿರೀಶ ಕಾರ್ನಾಡರನ್ನು (೧೯೩೮–೨೦೧೯) ಕುರಿತು ನಡೆದಿರುವ ಅಧ್ಯಯನಗಳಲ್ಲಿ ಬಹುಪಾಲು ಅವರ ನಾಟಕಗಳನ್ನೇ ಕೇಂದ್ರವಾಗಿ ಇರಿಸಿಕೊಂಡಿವೆ. ‘ಯಯಾತಿ’ (೧೯೬೧), ‘ತುಘಲಕ್’ (೧೯೬೪), ‘ಹಯವದನ’ (೧೯೭೧), ‘ನಾಗಮಂಡಲ’ (೧೯೮೮) ಮೊದಲಾದ ಕೃತಿಗಳ ಮೇಲೆ ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ವಿಪುಲವಾದ ವಿಮರ್ಶೆ ಬಂದಿದೆ. ಅವರು ನಿರ್ದೇಶಿಸಿದ ಚಲನಚಿತ್ರಗಳ ಬಗೆಗೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಚರ್ಚೆ ನಡೆದಿದೆ. ಆದರೆ ೧೯೭೦ರಿಂದ ಸುಮಾರು ಐದು ದಶಕಗಳ ಕಾಲ ಕನ್ನಡ, ಹಿಂದಿ, ಮರಾಠಿ, ತೆಲುಗು, ತಮಿಳು, ಮಲಯಾಳಂ ಭಾಷೆಗಳ ಚಿತ್ರಗಳಲ್ಲಿಯೂ ದೂರದರ್ಶನದ ಧಾರಾವಾಹಿಗಳಲ್ಲಿಯೂ ಅವರು ನಿರ್ವಹಿಸಿದ ಪಾತ್ರಗಳು ಮಾತ್ರ ಸಂಶೋಧಕರ ಗಮನದಿಂದ ಬಹುಮಟ್ಟಿಗೆ ಹೊರಗೇ ಉಳಿದಿವೆ. ನಾಟಕಕಾರರ ಜೀವನಚರಿತ್ರೆಯ ಕೊನೆಯಲ್ಲಿ ‘ಕೆಲವು ಚಿತ್ರಗಳಲ್ಲಿಯೂ ಅಭಿನಯಿಸಿದ್ದಾರೆ’ ಎಂಬ ಒಂದು ವಾಕ್ಯವಾಗಿ ಅವು ಮುಗಿದುಹೋಗುತ್ತವೆ. ಜ್ಞಾನಪೀಠ ಪುರಸ್ಕೃತರೊಬ್ಬರ (೧೯೯೮) ಹೆಸರಿನ ಪಕ್ಕದಲ್ಲಿ ವ್ಯಾಪಾರಿ ಚಿತ್ರಗಳ ಪಟ್ಟಿಯನ್ನು ಇಡಲು ನಮ್ಮ ವಿದ್ವತ್ ವಲಯಕ್ಕೆ ಇರುವ ಸಂಕೋಚವೇ ಇದಕ್ಕೆ ಕಾರಣವಿದ್ದೀತು.

ಜಾನಪದ ಅಧ್ಯಯನದ ಶಿಸ್ತಿನಿಂದ ಬಂದವರಿಗೆ ಈ ಸಂಕೋಚ ಅಷ್ಟಾಗಿ ಅರ್ಥವಾಗುವುದಿಲ್ಲ. ಮೇಳದ ಕಲಾವಿದನೊಬ್ಬನ ಬದುಕನ್ನು ದಾಖಲಿಸುವಾಗ ಆತ ಯಾವ ಪ್ರಸಂಗದಲ್ಲಿ ಯಾವ ವೇಷ ಮಾಡಿದ, ಯಾವ ಯಜಮಾನರಲ್ಲಿ ಎಷ್ಟು ತಿರುಗಾಟ ನಡೆಸಿದ, ಮಳೆಗಾಲದಲ್ಲಿ ಹೊಟ್ಟೆಪಾಡಿಗೆ ಏನು ಮಾಡಿದ ಎಂಬ ಪ್ರಶ್ನೆಗಳನ್ನು ನಾವು ಮೊದಲೇ ಕೇಳುತ್ತೇವೆ. ಅದೇ ಪ್ರಶ್ನೆಗಳನ್ನು ಕಾರ್ನಾಡರ ಅಭಿನಯವೃತ್ತಿಗೆ ಕೇಳಿದರೆ ಏನು ಕಾಣುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವರು ನಟಿಸಿದ ಎಲ್ಲ ಚಿತ್ರಗಳ ಸಮೀಕ್ಷೆ ಇಲ್ಲಿಲ್ಲ. ವಾದಕ್ಕೆ ಅಗತ್ಯವಾದ ಪಾತ್ರಗಳನ್ನಷ್ಟೇ ಆಯ್ದುಕೊಳ್ಳಲಾಗಿದೆ.

ಶಿರಸಿಯ ವರ್ಷಗಳು

ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ತಂದೆ ಡಾ. ರಘುನಾಥ ಕಾರ್ನಾಡರು ಸರಕಾರಿ ವೈದ್ಯಕೀಯ ಸೇವೆಯಲ್ಲಿದ್ದುದರಿಂದ ಕುಟುಂಬ ಶಿರಸಿಯಲ್ಲಿ ನೆಲೆಸಿತು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಅದು ಸೇರಿದ್ದು ೧೯೫೬ರ ಏಕೀಕರಣದಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಿರಿಯರ ಸಾಂಸ್ಕೃತಿಕ ಆಸಕ್ತಿಗಳಲ್ಲಿ ಮರಾಠಿ ರಂಗಭೂಮಿ — ಹೀಗೆ ಮೂರು ಭಾಷೆಗಳ ನಡುವೆ ಅವರ ಬಾಲ್ಯ ಕಳೆಯಿತು. ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಕುಟುಂಬ ಧಾರವಾಡಕ್ಕೆ ಹೋಯಿತು. ಹೀಗಾಗಿ ಧಾರವಾಡದ ಕನ್ನಡ ಅವರ ನಾಲ್ಕನೆಯ ನುಡಿಯಾಯಿತೆಂದರೂ ತಪ್ಪಿಲ್ಲ. ಬಹುಭಾಷಾ ಚಿತ್ರರಂಗದಲ್ಲಿ ಅವರು ಓಡಾಡಿದ ರೀತಿಯನ್ನು ಅರಿಯಲು ಈ ಹಿನ್ನೆಲೆ ಮುಖ್ಯ.

ಶಿರಸಿಯಲ್ಲಿ ಎರಡು ಬಗೆಯ ರಂಗಭೂಮಿ ಅವರಿಗೆ ದೊರೆಯಿತು. ಒಂದು, ಊರಿಗೆ ಬಂದು ಬಿಡಾರ ಹೂಡುತ್ತಿದ್ದ ನಾಟಕ ಕಂಪನಿಗಳದು. ತಾತ್ಕಾಲಿಕವಾಗಿ ಕಟ್ಟಿದ ರಂಗಮಂದಿರ, ಪೆಟ್ರೋಮ್ಯಾಕ್ಸ್ ದೀಪಗಳ ಬೆಳಕು, ಬಣ್ಣದ ಪರದೆಗಳು. ಅಲ್ಲಿಗೆ ತಂದೆತಾಯಿಯರೇ ಕರೆದೊಯ್ಯುತ್ತಿದ್ದರು. ಇನ್ನೊಂದು, ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ನಡೆಯುತ್ತಿದ್ದ ಯಕ್ಷಗಾನ. ಅದಕ್ಕೆ ಅವರು ಹೋಗುತ್ತಿದ್ದುದು ಮನೆಯ ಆಳುಗಳ ಜೊತೆಯಲ್ಲಿ. ದೊಂದಿಯ ಬೆಳಕಿನಲ್ಲಿ ರಾತ್ರಿಯಿಡೀ ನೋಡುತ್ತಿದ್ದರು. ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಕಲನಕ್ಕೆ ಬರೆದ ಪ್ರಸ್ತಾವನೆಯಲ್ಲಿ ಕಾರ್ನಾಡರೇ ಈ ಎರಡೂ ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ಹೇಳಿದ್ದಾರೆ. ಯಾರ ಜೊತೆಗೆ ಯಾವುದನ್ನು ನೋಡಬೇಕೆಂಬ ವ್ಯವಸ್ಥೆಯಲ್ಲಿಯೇ ಆ ಕಾಲದ ಮಧ್ಯಮವರ್ಗದ ಮನೆಗಳು ಕಲೆಗಳಿಗೆ ಕೊಟ್ಟಿದ್ದ ಶ್ರೇಣಿ ಅಡಗಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಬಡಗುತಿಟ್ಟಿನ ಯಕ್ಷಗಾನಕ್ಕೆ ಅದು ಚೈತನ್ಯದ ಕಾಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದರು. ಅವರ ಮಗ ಶಂಭು ಹೆಗಡೆಯವರು (೧೯೩೮–೨೦೦೯) ಕಾರ್ನಾಡರ ಓರಗೆಯವರು. ಒಂದೇ ಜಿಲ್ಲೆಯಲ್ಲಿ ಬೆಳೆದ ಇಬ್ಬರು ಸಮವಯಸ್ಕರಲ್ಲಿ ಒಬ್ಬರು ಚೌಕಿಯೊಳಗೆ ಬೆಳೆದರು, ಮತ್ತೊಬ್ಬರು ರಂಗಸ್ಥಳದ ಎದುರು ಕುಳಿತು ಬೆಳೆದರು. ಕಾರ್ನಾಡರು ಗೆಜ್ಜೆ ಕಟ್ಟಿದವರಲ್ಲ. ಅವರ ಮೇಲೆ ಯಕ್ಷಗಾನದ ಪ್ರಭಾವವನ್ನು ಹೇಳುವವರು ಸಾಮಾನ್ಯವಾಗಿ ‘ಹಯವದನ’ದ ಅಡ್ಡತೆರೆ, ಭಾಗವತ, ಮುಖವಾಡಗಳ ಕಡೆಗೆ ಬೆರಳು ತೋರುತ್ತಾರೆ. ಅದು ಸರಿಯೇ. ಆದರೆ ಅದು ನಾಟಕಕಾರನ ಮಾತಾಯಿತು; ನಟನ ಮಾತು ಬೇರೆ.

ಇಲ್ಲಿ ಮೂರನೆಯ ಒಂದು ಪ್ರಕಾರವನ್ನು ಸ್ಮರಿಸುವುದು ಅಗತ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಯಕ್ಷಗಾನದಷ್ಟೇ, ಮಳೆಗಾಲದಲ್ಲಂತೂ ಅದಕ್ಕಿಂತ ಹೆಚ್ಚಾಗಿ, ಬೇರೂರಿದ್ದುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಉಟ್ಟ ಬಟ್ಟೆಯಲ್ಲಿಯೇ ಎದುರುಬದುರಾಗಿ ಕುಳಿತು, ಭಾಗವತರ ಪದ್ಯ ಮುಗಿದೊಡನೆ ಮಾತಿಗೆ ತೊಡಗುತ್ತಾರೆ. ಕೃಷ್ಣನಾಗಲಿ, ಕೌರವನಾಗಲಿ ಕಾಣಬೇಕಾದುದು ಕಂಠದ ಏರಿಳಿತದಲ್ಲಿ, ತರ್ಕದ ಹೆಣಿಗೆಯಲ್ಲಿ, ಕಣ್ಣಿನ ಒಂದು ಹೊರಳುವಿಕೆಯಲ್ಲಿ. ಕಾರ್ನಾಡರು ತಾಳಮದ್ದಳೆಯಿಂದ ನಟನೆಯನ್ನು ಕಲಿತರೆಂದು ನಾನು ವಾದಿಸುತ್ತಿಲ್ಲ. ಅವರ ತೆರೆಯ ಅಭಿನಯವನ್ನು ವಿವರಿಸಲು ಈ ಸೀಮೆಯ ಪರಿಭಾಷೆಯಲ್ಲಿ ಹತ್ತಿರದ ಹೋಲಿಕೆ ಯಾವುದು ಎಂದು ಹುಡುಕಿದರೆ ರಂಗಸ್ಥಳದ ವೇಷಧಾರಿಗಿಂತ ಕುಳಿತು ಮಾತನಾಡುವ ಅರ್ಥಧಾರಿಯೇ ಕಣ್ಣಮುಂದೆ ಬರುತ್ತಾನೆ ಎಂಬುದಷ್ಟೇ ನನ್ನ ಗ್ರಹಿಕೆ. ದೇಹವನ್ನು ಕನಿಷ್ಠ ಬಳಸಿ ದನಿಯನ್ನು ಗರಿಷ್ಠ ದುಡಿಸಿಕೊಂಡ ನಟ ಅವರು.

ಪೋಷಕ ನಟರ ಪರಂಪರೆ

ಕಾರ್ನಾಡರು ತೆರೆಗೆ ಬರುವ ಹೊತ್ತಿಗೆ ಕನ್ನಡ ಚಿತ್ರರಂಗದಲ್ಲಿ ಪೋಷಕ ಪಾತ್ರಗಳ ಒಂದು ಗಟ್ಟಿ ಪರಂಪರೆ ಸಿದ್ಧವಾಗಿತ್ತು. ಟಿ. ಎನ್. ಬಾಲಕೃಷ್ಣ, ಕೆ. ಎಸ್. ಅಶ್ವತ್ಥ ಮೊದಲಾದವರು ಆ ಕಾಲದ ಪ್ರೇಕ್ಷಕರಿಗೆ ನಾಯಕರಷ್ಟೇ ಪರಿಚಿತರು. ನಮ್ಮ ಜಿಲ್ಲೆಯ ಭಟ್ಕಳದ ಪಂಢರಿಬಾಯಿಯವರು (೧೯೩೦–೨೦೦೩) ಹರಿಕಥೆಯಿಂದ ರಂಗಭೂಮಿಗೆ, ಅಲ್ಲಿಂದ ಚಿತ್ರರಂಗಕ್ಕೆ ಬಂದು, ‘ಬೇಡರ ಕಣ್ಣಪ್ಪ’ದಲ್ಲಿ (೧೯೫೪) ರಾಜಕುಮಾರರಿಗೆ ನಾಯಕಿಯಾಗಿ, ಮುಂದೆ ದಕ್ಷಿಣದ ಹಲವು ಭಾಷೆಗಳಲ್ಲಿ ತಾಯಿಯ ಪಾತ್ರಗಳಿಗೆ ಹೆಸರಾದರು. ಇವರಲ್ಲಿ ಹಲವರದು ಕಂಪನಿ ನಾಟಕ, ಹರಿಕಥೆ, ಆಕಾಶವಾಣಿಗಳಲ್ಲಿ ಪಳಗಿದ ದನಿ. ಮಾತು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕೆಂಬುದು ಆ ಶಾಲೆಯ ಮೊದಲ ಪಾಠ.

ಕಾರ್ನಾಡರು ಬಂದದ್ದು ಬೇರೆ ದಾರಿಯಿಂದ. ಮುಂಬಯಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ನೋಡಿದ ಇಬ್ರಾಹಿಂ ಅಲ್ಕಾಜಿಯವರ ಪ್ರಯೋಗ — ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ — ಅವರಿಗೆ ರಂಗಭೂಮಿಯ ಬೇರೊಂದು ಬೆಳಕನ್ನು ಅಕ್ಷರಶಃ ತೋರಿಸಿತು. ದೀಪಗಳು ಮೆಲ್ಲನೆ ಮಂಕಾಗಿ ಮೆಲ್ಲನೆ ಪ್ರಖರವಾಗುವುದನ್ನು ಅವರು ಮೊದಲು ಕಂಡದ್ದು ಅಲ್ಲಿ. ಆಕ್ಸ್‌ಫರ್ಡಿನ ವ್ಯಾಸಂಗ ಮುಗಿಸಿ ೧೯೬೩ರಲ್ಲಿ ಮದರಾಸಿಗೆ ಬಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಕ್ಕೆ ಸೇರಿದರು. ಅಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡದ ಒಡನಾಟದಲ್ಲಿ ಅವರಿಗೆ ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿಯವರ ಗೆಳೆತನ ದೊರೆಯಿತು. ಕನ್ನಡದ ಹೊಸ ಅಲೆಯ ಚಿತ್ರದ ಬೀಜ ಬಿದ್ದುದು ಕನ್ನಡ ನಾಡಿನ ಹೊರಗೆ, ಇಂಗ್ಲಿಷ್ ನಾಟಕವಾಡುವ ಗುಂಪಿನಲ್ಲಿ ಎಂಬುದು ಚರಿತ್ರೆಯ ಒಂದು ಸ್ವಾರಸ್ಯ.

‘ಸಂಸ್ಕಾರ’

ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು (೧೯೬೫) ಆಧರಿಸಿದ ‘ಸಂಸ್ಕಾರ’ (೧೯೭೦) ಚಿತ್ರದ ಚಿತ್ರಕಥೆ ಕಾರ್ನಾಡರದು. ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥ. ಮೊದಲು ಸೆನ್ಸಾರಿನ ನಿಷೇಧಕ್ಕೆ ಒಳಗಾಗಿ, ಬಳಿಕ ಬಿಡುಗಡೆಯ ಅನುಮತಿ ಪಡೆದ ಈ ಚಿತ್ರ ರಾಷ್ಟ್ರಪತಿಯವರ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದುಕೊಟ್ಟಿತು. ಇವೆಲ್ಲ ಸುಪರಿಚಿತ ಸಂಗತಿಗಳು. ನಟನೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಮೂವತ್ತೊಂದು ಮೂವತ್ತೆರಡರ ವಯಸ್ಸಿನ, ಚಿತ್ರರಂಗದ ಅನುಭವವಿಲ್ಲದ ವ್ಯಕ್ತಿಯೊಬ್ಬ ಇಡೀ ಅಗ್ರಹಾರದ ಧರ್ಮಸಂಕಟವನ್ನು ಮುಖದಲ್ಲಿ ಹೊತ್ತು ನಡೆಯುವುದು ಹೇಗೆ ಸಾಧ್ಯವಾಯಿತು?

ಚಿತ್ರದ ಮೊದಲರ್ಧದಲ್ಲಿ ಪ್ರಾಣೇಶಾಚಾರ್ಯರು ಎಲ್ಲರಿಗೂ ಉತ್ತರ ಹೇಳಬೇಕಾದವರು. ಹೆಣ ಕೊಳೆಯುತ್ತಿದೆ, ಸಂಸ್ಕಾರ ಮಾಡಬೇಕಾದವರು ಯಾರು ಎಂಬುದಕ್ಕೆ ಗ್ರಂಥದಲ್ಲಿ ಉತ್ತರ ಸಿಗುತ್ತಿಲ್ಲ. ಇಲ್ಲಿ ಕಾರ್ನಾಡರು ಆಚಾರ್ಯರನ್ನು ದೊಡ್ಡ ದನಿಯ ಪಂಡಿತನನ್ನಾಗಿ ಮಾಡಲಿಲ್ಲ. ಕಂಪನಿ ನಾಟಕದ ನಟನೊಬ್ಬ ಈ ಪಾತ್ರವನ್ನು ಮಾಡಿದ್ದರೆ ಶ್ಲೋಕಕ್ಕೊಂದು ಠೇಂಕಾರ, ಧರ್ಮಜಿಜ್ಞಾಸೆಗೊಂದು ಗಾಂಭೀರ್ಯದ ಭಂಗಿ ಬರುತ್ತಿತ್ತು. ಕಾರ್ನಾಡರ ಆಚಾರ್ಯರಲ್ಲಿ ಮಾತು ಹೊರಡುವ ಮೊದಲೇ ದಣಿದಿರುತ್ತದೆ. ಎರಡನೆಯ ಭಾಗದಲ್ಲಿ, ಊರು ಬಿಟ್ಟು ಅಲೆಯುವ ಆಚಾರ್ಯರ ಬೆನ್ನಿಗೆ ಪುಟ್ಟ ಅಂಟಿಕೊಂಡು ಮಾತನಾಡುತ್ತಲೇ ಇರುವಾಗ, ಕೇಳುವುದೇ ಅಭಿನಯವಾಗುತ್ತದೆ. ಜಾತ್ರೆಯ ಗದ್ದಲದಲ್ಲಿ ಗುರುತು ಸಿಕ್ಕೀತೆಂಬ ಭಯದಿಂದ ನಡೆಯುವ ಆ ಮನುಷ್ಯನ ಮುಖವನ್ನು ನೋಡಿದರೆ, ಯಕ್ಷಗಾನದ ಒಡ್ಡೋಲಗಕ್ಕೆ ಸಂಪೂರ್ಣ ವಿರುದ್ಧವಾದ ಒಂದು ಕ್ರಿಯೆ ಕಾಣುತ್ತದೆ. ಒಡ್ಡೋಲಗದಲ್ಲಿ ವೇಷವು ತೆರೆಯ ಹಿಂದಿನಿಂದ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಂಡು ಕೊನೆಗೆ ತನ್ನ ಪೂರ್ಣ ವೈಭವದಲ್ಲಿ ತಾನು ಯಾರೆಂದು ಸಾರುತ್ತದೆ. ಇಲ್ಲಿ ಪಾತ್ರವು ತಾನು ಯಾರೆಂಬುದನ್ನು ಸ್ವಲ್ಪಸ್ವಲ್ಪವಾಗಿ ಮರೆಮಾಡಿಕೊಳ್ಳುತ್ತ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾರ್ನಾಡರ ಸಮಗ್ರ ಅಭಿನಯದಲ್ಲಿ ಇದಕ್ಕಿಂತ ಮೇಲಾದುದು ಮುಂದೆ ಬರಲಿಲ್ಲ. ಹತ್ತಿರ ಬಂದದ್ದು ಒಂದೆರಡು ಬಾರಿ ಮಾತ್ರ.

ಇದರ ಬೆನ್ನಿಗೇ ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರೊಡನೆ ‘ವಂಶವೃಕ್ಷ’ವನ್ನು ನಿರ್ದೇಶಿಸಿ, ಅದರಲ್ಲಿಯೂ ಕಾರ್ನಾಡರು ಅಭಿನಯಿಸಿದರು. ಇಬ್ಬರಿಗೂ ನಿರ್ದೇಶನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದಿತು. ಆ ಚಿತ್ರದಲ್ಲಿ ಶ್ರೀನಿವಾಸ ಶ್ರೋತ್ರಿಯರಾಗಿ ವೆಂಕಟರಾವ್ ತಲಗೇರಿ, ಕಾತ್ಯಾಯಿನಿಯಾಗಿ ಎಲ್. ವಿ. ಶಾರದಾ ಮುಖ್ಯವಾಗಿ ನೆನಪಿನಲ್ಲಿ ಉಳಿಯುತ್ತಾರೆ. ಕಾರ್ನಾಡರ ಪಾತ್ರ ಅಷ್ಟು ಉಳಿಯುವುದಿಲ್ಲ.

ಮೇಷ್ಟರು ಮತ್ತು ಡಾಕ್ಟರು

೧೯೭೪–೭೫ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಕಾರ್ನಾಡರು ಅದೇ ಅವಧಿಯ ಆಸುಪಾಸಿನಲ್ಲಿ ಶ್ಯಾಮ್ ಬೆನಗಲ್ಲರ ಎರಡು ಚಿತ್ರಗಳ ಮೂಲಕ ಹಿಂದಿ ಪ್ರೇಕ್ಷಕರಿಗೆ ಪರಿಚಿತರಾದರು. ‘ನಿಶಾಂತ್’ನಲ್ಲಿ (೧೯೭೫) ಅವರದು ಹಳ್ಳಿಯ ಶಾಲಾಮಾಸ್ತರನ ಪಾತ್ರ. ಹೆಂಡತಿಯನ್ನು ಜಮೀನ್ದಾರನ ಮನೆಯವರು ಹೊತ್ತೊಯ್ದಾಗ ಪೊಲೀಸರ, ವಕೀಲರ, ಅಧಿಕಾರಿಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳುವವನು. ಅಕ್ಷರ ಬಲ್ಲವನ ಅಸಹಾಯಕತೆ ಅಕ್ಷರ ಬಾರದವನ ಅಸಹಾಯಕತೆಗಿಂತ ಹೇಗೆ ಬೇರೆ ಎಂಬುದನ್ನು ಆ ಪಾತ್ರ ತೋರಿಸುತ್ತದೆ: ಯಾವ ಕಚೇರಿಗೆ ಹೋಗಬೇಕೆಂದು ಅವನಿಗೆ ಗೊತ್ತಿದೆ, ಅದರಿಂದ ಏನೂ ಆಗುವುದಿಲ್ಲ ಎಂಬುದು ಕಡೆಗೆ ಗೊತ್ತಾಗುತ್ತದೆ.

‘ಮಂಥನ್’ (೧೯೭೬) ಚಿತ್ರದ ಕಥೆ ಬೇರೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು. ವರ್ಗೀಸ್ ಕುರಿಯನ್ನರ ಕಾರ್ಯದಿಂದ ಪ್ರೇರಣೆ ಪಡೆದ ಡಾ. ರಾವ್ ಎಂಬ ಪಶುವೈದ್ಯನಾಗಿ ಕಾರ್ನಾಡರು ಹಳ್ಳಿಗೆ ಬಂದಿಳಿಯುತ್ತಾರೆ, ಹಾಲಿನ ಸಹಕಾರಿ ಸಂಘ ಕಟ್ಟಲು ಹೆಣಗುತ್ತಾರೆ, ವರ್ಗವಾಗಿ ಹೊರಟುಹೋಗುತ್ತಾರೆ. ಸ್ಮಿತಾ ಪಾಟೀಲ್, ನಾಸಿರುದ್ದೀನ್ ಶಾ, ಅಮರೀಶ್ ಪುರಿಯವರ ನಡುವೆ ಡಾ. ರಾವ್ ಸಪ್ಪೆಯಾಗಿ ಕಾಣುತ್ತಾನೆಂಬ ಆಕ್ಷೇಪಣೆ ಕೇಳಿಬರುವುದುಂಟು. ಆದರೆ ಆ ಸಪ್ಪೆತನವೇ ಪಾತ್ರದ ಸತ್ಯ. ಹಳ್ಳಿಯ ಭಾಷೆ, ಜಾತಿ, ಹಗೆತನಗಳ ಒಳಸುಳಿಗಳನ್ನು ಅರಿಯದ, ಒಳ್ಳೆಯದನ್ನೇ ಮಾಡಹೊರಟ ಹೊರಗಿನವನೊಬ್ಬನ ಬಿಗಿತ ಅದು. ಹಿಂದಿ ಕಾರ್ನಾಡರ ಮನೆಮಾತಲ್ಲದಿರುವುದೂ ಇಲ್ಲಿ ಅನುಕೂಲವಾಗಿ ಪರಿಣಮಿಸಿದೆ. ಪಾತ್ರದ ಪರಕೀಯತೆ ಉಚ್ಚಾರದಲ್ಲಿಯೇ ಕೇಳಿಸುತ್ತದೆ. ೧೯೨೩ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಕಾಲದಿಂದಲೂ ಅಡಿಕೆಯ ವ್ಯವಹಾರವನ್ನು ಸಹಕಾರಿ ಸಂಘಗಳ ಮೂಲಕ ನಡೆಸಿಕೊಂಡು ಬಂದಿರುವ ಶಿರಸಿ ಸೀಮೆಯ ಹುಲಗೋಳದಂತಹ ಊರಿನವರಿಗೆ ಈ ಚಿತ್ರ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಸಂಘ ಕಟ್ಟುವುದೆಂದರೆ ಮೊದಲು ಒಬ್ಬರ ಪಕ್ಕದಲ್ಲಿ ಒಬ್ಬರು ಸರತಿಯಲ್ಲಿ ನಿಲ್ಲಲು ಒಪ್ಪುವುದು ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಎರಡು ಚಿತ್ರಗಳ ತರುವಾಯ ಒಂದು ಬಗೆಯ ಪಾತ್ರ ಕಾರ್ನಾಡರನ್ನು ಹುಡುಕಿಕೊಂಡು ಬರತೊಡಗಿತು: ವಿದ್ಯಾವಂತ, ಮಿತಭಾಷಿ, ಸಭ್ಯ ಗೃಹಸ್ಥ. ಶರಚ್ಚಂದ್ರರ ಕಥೆಯನ್ನು ಆಧರಿಸಿದ ಬಾಸು ಚಟರ್ಜಿಯವರ ‘ಸ್ವಾಮಿ’ (೧೯೭೭) ಚಿತ್ರದ ಸಹನಶೀಲ ಗಂಡ ಈ ಬಗೆಗೆ ಮಾದರಿ. ಜಬ್ಬಾರ್ ಪಟೇಲರ ಮರಾಠಿ ಚಿತ್ರ ‘ಉಂಬರಠಾ’ದಲ್ಲಿ (೧೯೮೨) ಅದೇ ಸಭ್ಯತೆಯನ್ನು ಮಗುಚಿ ಹಾಕಲಾಗಿದೆ. ಅಲ್ಲಿನ ವಕೀಲ ಗಂಡ ಸುಭಾಷ ಹೆಂಡತಿಯ ದುಡಿಮೆಗೆ ಅಡ್ಡಿಪಡಿಸದ ಉದಾರವಾದಿ. ಆಕೆ ಮನೆಗೆ ಮರಳಿದಾಗ ತನ್ನ ಬದುಕಿನಲ್ಲಿ ಇನ್ನೊಬ್ಬಳಿರುವುದನ್ನು ಅದೇ ಸಮಾಧಾನದ ದನಿಯಲ್ಲಿ ತಿಳಿಸುತ್ತಾನೆ. ದನಿ ಏರದಿರುವುದೇ ಇಲ್ಲಿ ಕ್ರೌರ್ಯ. ‘ಸ್ವಾಮಿ’ಯ ಗಂಡನನ್ನೂ ‘ಉಂಬರಠಾ’ದ ಗಂಡನನ್ನೂ ಒಂದೇ ಕಂಠದಿಂದ, ಒಂದೇ ನಿಧಾನದಿಂದ ನಿರ್ವಹಿಸಿ ಎರಡು ವಿರುದ್ಧ ಅರ್ಥಗಳನ್ನು ಹೊರಡಿಸಿದ್ದು ಸಣ್ಣ ಸಾಧನೆಯಲ್ಲ. ಕೃಷ್ಣಸಂಧಾನದಲ್ಲಿ ಒಂದು ರಾತ್ರಿ ಕೃಷ್ಣನ ಅರ್ಥ ಹೇಳಿದವನು ಮರುವಾರ ಕೌರವನ ಅರ್ಥ ಹೇಳಿದಂತೆ.

ಆ ಕಾಲದ ‘ಆಶಾ’, ‘ಮನ್ ಪಸಂದ್’ ಮೊದಲಾದ ಹಿಂದಿ ಚಿತ್ರಗಳ ಬಗೆಗೆ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ದೂರದರ್ಶನದ ತಂದೆ

ಕಾರ್ನಾಡರನ್ನು ಅಖಿಲ ಭಾರತ ಮಟ್ಟದಲ್ಲಿ ಮನೆಮನೆಯ ಮುಖವನ್ನಾಗಿ ಮಾಡಿದ್ದು ಕಿರುತೆರೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ೧೯೮೬–೮೭ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ನಿರ್ಮಾಪಕರು ಟಿ. ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣ್. ಹೊನ್ನಾವರದ ಶಂಕರನಾಗ್ ತೆರೆಗೆ ಬಂದದ್ದೇ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (೧೯೭೮) ಚಿತ್ರದ ಮೂಲಕ. ಎಂಟು ವರ್ಷಗಳ ಬಳಿಕ ಶಿಷ್ಯ ನಿರ್ದೇಶಕನಾಗಿ, ಗುರು ನಟನಾಗಿ ಆಗುಂಬೆಯಲ್ಲಿ ಮತ್ತೆ ಕೂಡಿದರು. ತಮಿಳು ಸೀಮೆಯ ಕಲ್ಪಿತ ಪಟ್ಟಣವೆಂದು ಓದುಗರು ಭಾವಿಸಿಕೊಂಡಿದ್ದ ಮಾಲ್ಗುಡಿಗೆ ಮಲೆನಾಡಿನ ದೊಡ್ಡಮನೆ, ಹೆಂಚಿನ ಮಾಡು, ಜಗಲಿಗಳು ಒದಗಿದವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ತಂದೆಯಾಗಿ ಕಾರ್ನಾಡ.

ಈ ತಂದೆ ವಕೀಲ, ಶಿಸ್ತಿನ ಮನುಷ್ಯ, ಮಗನಿಗೆ ಸಿಂಹಸ್ವಪ್ನ. ಪಾತ್ರವನ್ನು ಹಾಸ್ಯಕ್ಕೆ ಎಳೆಯುವುದು ಸುಲಭವಿತ್ತು. ಕಠೋರತೆಗೆ ಎಳೆಯುವುದು ಇನ್ನೂ ಸುಲಭವಿತ್ತು. ನಾರಾಯಣರ ಕಾದಂಬರಿಯಲ್ಲಿ ಮಾವಿನಹಣ್ಣಿನ ಲೆಕ್ಕದ ಪ್ರಸಂಗವೊಂದಿದೆ. ಲೆಕ್ಕ ಬಿಡಿಸಬೇಕಾದ ಹುಡುಗನಿಗೆ ಹಣ್ಣು ಮಾಗಿದೆಯೋ ಇಲ್ಲವೋ ಎಂಬ ಚಿಂತೆ. ತಂದೆಗೆ ಉತ್ತರದ ಚಿಂತೆ. ಇಂತಹ ತಂದೆಯೊಳಗೆ ನಗು ಎಲ್ಲಿ ಅಡಗಿದೆ ಎಂಬುದನ್ನು ಪ್ರೇಕ್ಷಕನಿಗೆ ತೋರಿಸಬೇಕು, ಮಗನಿಗೆ ತೋರಿಸಬಾರದು. ಕಾರ್ನಾಡರು ಈ ಎರಡು ನೋಟಗಳ ನಡುವಿನ ಅಂತರವನ್ನು ಕಾಪಾಡಿಕೊಂಡರು. ಶಿರಸಿ ಸೀಮೆಯ ಹಳ್ಳಿಗಳಲ್ಲಿ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯಷ್ಟಿದ್ದು, ನೆರೆಕರೆಯವರೆಲ್ಲ ಒಂದೇ ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಕಾಲವದು. ಧಾರಾವಾಹಿಯ ಮಾತು ಹಿಂದಿ. ನೋಡುವವರಲ್ಲಿ ಹಿಂದಿ ಬಲ್ಲವರು ಕಡಿಮೆ. ಆದರೂ ಪಾತ್ರ ತಲುಪಿತು. ಮಗನನ್ನು ನೇರವಾಗಿ ಹೊಗಳದ, ಊಟದ ಹೊತ್ತಿಗೆ ಮನೆಯ ಗದ್ದಲ ಅಡಗಿಸುವ, ಪ್ರೀತಿಯನ್ನು ಲೆಕ್ಕದ ಪುಸ್ತಕದ ಹಿಂದೆ ಇಟ್ಟುಕೊಂಡ ಅಪ್ಪಂದಿರು ಪ್ರತಿ ಮನೆಯಲ್ಲಿಯೂ ಇದ್ದರು. ಭಾಷೆ ತಿಳಿಯದೆ ಪಾತ್ರ ತಿಳಿಯುವುದೆಂದರೇನು ಎಂಬುದು ಪ್ರದರ್ಶನ ಕಲೆಗಳ ಅಧ್ಯಯನಕಾರರಿಗೆ ಹಳೆಯ ಪ್ರಶ್ನೆ. ಕಿರುತೆರೆಯ ಆರಂಭದ ದಿನಗಳ ಗ್ರಾಮೀಣ ಪ್ರೇಕ್ಷಕತ್ವವನ್ನು ಕುರಿತು ನಮ್ಮಲ್ಲಿ ಕ್ಷೇತ್ರಕಾರ್ಯ ನಡೆಯಬೇಕಾದುದು ಬಹಳವಿದೆ, ಮತ್ತು ಆ ನೆನಪುಗಳನ್ನು ಹೇಳಬಲ್ಲವರ ತಲೆಮಾರು ಕರಗುತ್ತಿದೆ.

‘ಇಂದ್ರಧನುಷ್’ (೧೯೮೯) ಎಂಬ ಮಕ್ಕಳ ವಿಜ್ಞಾನಕಥಾ ಧಾರಾವಾಹಿಯಲ್ಲಿಯೂ ಅವರು ತಂದೆಯೇ. ೧೯೯೦ರ ದಶಕದ ಆರಂಭದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಪತ್ರಿಕಾ ಕಾರ್ಯಕ್ರಮದ ನಿರೂಪಕರಾದಾಗ ಅವರು ಯಾವ ಪಾತ್ರವನ್ನೂ ಧರಿಸಿರಲಿಲ್ಲ. ಆದರೆ ಹಿಂದಿನ ಧಾರಾವಾಹಿಗಳಿಂದ ಗಳಿಸಿದ ವಿಶ್ವಾಸಾರ್ಹ ತಂದೆಯ ದನಿಯೇ ಅಲ್ಲಿಯೂ ದುಡಿಯಿತು. ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರ ಆತ್ಮಕಥೆಯ ಧ್ವನಿಪುಸ್ತಕಕ್ಕೆ ಕಾರ್ನಾಡರ ಕಂಠವನ್ನೇ ಆರಿಸಿಕೊಂಡದ್ದು ಇದರ ಮುಂದುವರಿಕೆ.

ಗೋವಿಂದಭಟ್ಟ

ತಂದೆಯ ಪಾತ್ರಕ್ಕೆ ಸಮೀಪವಾದದ್ದು ಗುರುವಿನ ಪಾತ್ರ. ಜಂಧ್ಯಾಲರ ‘ಆನಂದ ಭೈರವಿ’ಯಲ್ಲಿ (೧೯೮೩) ಕೂಚಿಪೂಡಿ ನೃತ್ಯದ ಗುರುವಾಗಿ ಅವರು ಅಭಿನಯಿಸಿದ್ದರು. ಆದರೆ ಜಾನಪದ ವಿದ್ವಾಂಸರಿಗೆ ಹೆಚ್ಚು ಮಹತ್ವದ್ದು ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (೧೯೯೦) ಚಿತ್ರದಲ್ಲಿ ಅವರು ನಿರ್ವಹಿಸಿದ ಕಳಸದ ಗೋವಿಂದಭಟ್ಟರ ಪಾತ್ರ. ಶರೀಫರಾಗಿ ಶ್ರೀಧರ್ ಅಭಿನಯಿಸಿದ ಈ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು.

ಗೋವಿಂದಭಟ್ಟರು ಲಿಖಿತ ಚರಿತ್ರೆಗಿಂತ ಮೌಖಿಕ ಪರಂಪರೆಯಲ್ಲಿ ಹೆಚ್ಚು ಜೀವಂತವಾಗಿರುವ ವ್ಯಕ್ತಿ. ಧಾರವಾಡ, ಹಾವೇರಿ ಕಡೆಯ ತತ್ತ್ವಪದಕಾರರ ಬಾಯಲ್ಲಿ ಅವರ ಬಗೆಗಿನ ಕಥೆಗಳು ಇಂದಿಗೂ ಇವೆ. ಮಡಿಮೈಲಿಗೆಯನ್ನು ಲೆಕ್ಕಿಸದ, ಮುಸಲ್ಮಾನ ಹುಡುಗನಿಗೆ ಜನಿವಾರ ತೊಡಿಸಿದ, ಊರವರ ಕಣ್ಣಿಗೆ ಅರೆಹುಚ್ಚನಂತೆ ಕಾಣುತ್ತಿದ್ದ ಗುರು. ಇಂತಹ ವ್ಯಕ್ತಿಯನ್ನು ತೆರೆಯ ಮೇಲೆ ತರುವಾಗ ಎದುರಾಗುವ ಅಪಾಯ ಎಂದರೆ ಪವಾಡಪುರುಷನ ಪ್ರಭಾವಳಿ. ಕಾರ್ನಾಡರು ಅದನ್ನು ತಪ್ಪಿಸಿದರು. ಅವರ ಗೋವಿಂದಭಟ್ಟರಲ್ಲಿ ಕೀಟಲೆಯಿದೆ, ಅಸಹನೆಯಿದೆ, ಶಿಷ್ಯನ ಮೇಲೆ ಮುಚ್ಚಿಡಲಾಗದ ಅಕ್ಕರೆಯಿದೆ. ಪ್ರಾಣೇಶಾಚಾರ್ಯರಿಂದ ಗೋವಿಂದಭಟ್ಟರಿಗೆ ಇಪ್ಪತ್ತು ವರ್ಷಗಳ ಅಂತರ. ಮೊದಲನೆಯವರು ಬ್ರಾಹ್ಮಣ್ಯದ ಭಾರದ ಕೆಳಗೆ ಕುಸಿದವರು; ಎರಡನೆಯವರು ಆ ಭಾರವನ್ನು ಎಂದೋ ಇಳಿಸಿ ಹಗುರಾದವರು. ಒಬ್ಬನೇ ನಟ ಈ ಎರಡನ್ನೂ ಕನ್ನಡದಲ್ಲಿ ಮಾಡಿದನೆಂಬುದನ್ನು ಜೊತೆಗಿಟ್ಟು ಯಾರಾದರೂ ವಿವರವಾಗಿ ಬರೆಯಬೇಕು. ಧಾರವಾಡದಲ್ಲಿ ಕಳೆದ ಹರೆಯದ ವರ್ಷಗಳು ಈ ಪಾತ್ರದ ಮಾತಿನ ಲಯಕ್ಕೆ ಒದಗಿಬಂದಿವೆ. ಮೇಲೆ ಹೇಳಿದ ‘ಹತ್ತಿರ ಬಂದದ್ದು ಒಂದೆರಡು ಬಾರಿ’ ಎಂಬುದರಲ್ಲಿ ಇದು ಮೊದಲನೆಯದು.

ಬಣ್ಣದ ವೇಷ

೧೯೯೪ರಲ್ಲಿ ಶಂಕರ್ ನಿರ್ದೇಶನದ ತಮಿಳು ಚಿತ್ರ ‘ಕಾದಲನ್’ ಬಿಡುಗಡೆಯಾಯಿತು. ಅದರಲ್ಲಿ ಕಾರ್ನಾಡರು ಸಂಚುಗಾರ ರಾಜ್ಯಪಾಲ, ನಾಯಕಿಯ ತಂದೆ, ಚಿತ್ರದ ಖಳ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷತೆಯನ್ನು (೧೯೮೮–೯೩) ಮುಗಿಸಿದ ಮರುವರ್ಷವೇ, ಪ್ರಭುದೇವರ ಕುಣಿತದ ಚಿತ್ರವೊಂದರಲ್ಲಿ ಖಳನಾಗಿ ಕಾಣಿಸಿಕೊಂಡದ್ದು ಹಲವರಿಗೆ ಇರುಸುಮುರುಸು ಉಂಟುಮಾಡಿತು. ಮುಂದೆ ‘ರಕ್ಷಕನ್’ (೧೯೯೭) ಮೊದಲಾದ ತಮಿಳು ಚಿತ್ರಗಳೂ, ಕನ್ನಡದಲ್ಲಿ ನಾಯಕನ ತಂದೆಯಾಗಿ ಅಭಿನಯಿಸಿದ ‘ಎ.ಕೆ. ೪೭’ (೧೯೯೯) ಮೊದಲಾದವೂ ಬಂದವು.

ಈ ಇರುಸುಮುರುಸನ್ನು ಮೇಳದ ದೃಷ್ಟಿಯಿಂದ ಪರಿಶೀಲಿಸಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷವನ್ನು, ಅಂದರೆ ರಾಕ್ಷಸ ಪಾತ್ರವನ್ನು, ಕೀಳೆಂದು ಯಾರೂ ಎಣಿಸುವುದಿಲ್ಲ. ಅದಕ್ಕೆ ಅದರದೇ ಆದ ಕಟ್ಟು, ಬರವಣಿಗೆ, ಪ್ರವೇಶಕ್ರಮ, ಗೌರವಗಳಿವೆ. ಇನ್ನೂ ಗಮನಾರ್ಹವಾದುದೆಂದರೆ ಮೇಳದ ಎಣಿಕೆಯ ಕ್ರಮ: ಭಾಗವತರೇ ಮೊದಲನೆಯ ವೇಷ, ಪ್ರಸಂಗದ ನಾಯಕಪಾತ್ರ ಮಾಡುವ ಪ್ರಮುಖ ಕಲಾವಿದನಿಗೆ ಎರಡನೆಯ ವೇಷವೆಂದು ಹೆಸರು. ಪ್ರಧಾನ ನಟನೂ ತನ್ನನ್ನು ಎರಡನೆಯವನೆಂದು ಎಣಿಸಿಕೊಳ್ಳುವ ಈ ವ್ಯವಸ್ಥೆಯಲ್ಲಿ ‘ಪೋಷಕ’ ಎಂಬುದು ಕುಂದಿನ ಮಾತಾಗಿ ಕೇಳಿಸುವುದಿಲ್ಲ. ನಾಯಕ–ಪೋಷಕ ಎಂಬ ಶ್ರೇಣಿ ಚಿತ್ರೋದ್ಯಮದ್ದು. ಗಂಭೀರ–ವ್ಯಾಪಾರಿ ಎಂಬ ಶ್ರೇಣಿ ವಿಮರ್ಶೆಯದು. ಇವೆರಡೂ ಸೇರಿ ಕಾರ್ನಾಡರ ವೃತ್ತಿಯ ದೊಡ್ಡ ಭಾಗವನ್ನು ಮರೆಮಾಡಿವೆ.

ಹಣದ ಪ್ರಶ್ನೆಯೂ ಇದೆ. ಅದನ್ನು ಕಾರ್ನಾಡರು ಮುಚ್ಚಿಟ್ಟವರಲ್ಲ. ಚಲನಚಿತ್ರ ಮತ್ತು ದೂರದರ್ಶನಗಳ ಸಂಪಾದನೆಯಿಂದಲೇ ತಮಗೆ ನಾಟಕ ಬರೆಯುವ ಬಿಡುವು ದೊರೆಯಿತೆಂಬುದನ್ನು ಅವರು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ೧೯೭೦ರಲ್ಲಿ ಮದರಾಸಿನ ಉದ್ಯೋಗವನ್ನು ಬಿಟ್ಟ ಮೇಲೆ ಫೆಲೋಶಿಪ್ಪುಗಳನ್ನೂ ಸಂಸ್ಥೆಗಳ ಅಧಿಕಾರದ ಕೆಲವು ಅವಧಿಗಳನ್ನೂ ಬಿಟ್ಟರೆ ಅವರಿಗೆ ಸ್ಥಿರವಾದ ಸಂಬಳದ ಕೆಲಸವಿರಲಿಲ್ಲ. ಕನ್ನಡದಲ್ಲಿ ನಾಟಕ ಬರೆದು ಮಾತ್ರ ಬದುಕಿದ ಆಧುನಿಕ ನಾಟಕಕಾರನನ್ನು ಹುಡುಕುವುದು ಕಷ್ಟ, ಬಹುತೇಕರು ಅಧ್ಯಾಪಕರಾಗಿದ್ದರು. ಕಾರ್ನಾಡರು ಪಾಠದ ಬದಲು ಪಾತ್ರವನ್ನು ಜೀವನೋಪಾಯವನ್ನಾಗಿ ಆರಿಸಿಕೊಂಡರು. ‘ತಲೆದಂಡ’ (೧೯೯೦), ‘ಅಗ್ನಿ ಮತ್ತು ಮಳೆ’ ನಾಟಕಗಳ ಹಿಂದೆ ಯಾವ ಯಾವ ಚಿತ್ರಗಳ ಸಂಭಾವನೆ ದುಡಿದಿದೆ ಎಂಬುದನ್ನು ಲೆಕ್ಕ ಹಾಕುವುದು ಸಾಹಿತ್ಯ ಚರಿತ್ರೆಗೆ ಹೊರಗಿನ ಕೆಲಸವೆಂದು ನಾನು ಭಾವಿಸುವುದಿಲ್ಲ. ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಯ ಅಳತೆಯನ್ನು ಎಚ್ಚರದಿಂದ ಗುರುತಿಸುವ ನಾವು ನಮ್ಮ ಕಾಲದ ಲೇಖಕನ ಆದಾಯದ ಮೂಲವನ್ನು ಅಡಿಟಿಪ್ಪಣಿಗೂ ಸೇರಿಸದಿರುವುದು ವಿಚಿತ್ರ. ಮೇಳದ ಕಲಾವಿದರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅಭಿನಂದನ ಗ್ರಂಥಗಳಲ್ಲಿ ಅವರ ಪ್ರಶಸ್ತಿಗಳ ಪಟ್ಟಿ ಸಿಗುತ್ತದೆ. ತಿರುಗಾಟದ ಕೊನೆಗೆ ಕೈಗೆ ಬಂದ ಸಂಬಳವೆಷ್ಟು ಎಂಬುದು ಸಿಗುವುದಿಲ್ಲ.

ಕೊನೆಯ ಪಾತ್ರಗಳು

ಕುವೆಂಪು ಅವರ ಕಾದಂಬರಿಯನ್ನು ಆಧರಿಸಿ ತಾವೇ ನಿರ್ದೇಶಿಸಿದ ‘ಕಾನೂರು ಹೆಗ್ಗಡಿತಿ’ಯಲ್ಲಿ (೧೯೯೯) ಚಂದ್ರೇಗೌಡನಾಗಿ ಅಭಿನಯಿಸಿದ ಅನಂತರ, ೨೦೦೦ದಿಂದ ೨೦೦೩ರವರೆಗೆ ಲಂಡನ್ನಿನ ನೆಹರೂ ಕೇಂದ್ರದ ನಿರ್ದೇಶಕರಾಗಿದ್ದು ಮರಳಿದ ಕಾರ್ನಾಡರಿಗೆ ನಾಗೇಶ್ ಕುಕುನೂರ್ ಎರಡು ಮುಖ್ಯ ಪಾತ್ರಗಳನ್ನು ಕೊಟ್ಟರು. ‘ಇಕ್ಬಾಲ್’ನಲ್ಲಿ (೨೦೦೫) ಅವರು ಕ್ರಿಕೆಟ್ ಗುರು, ಮಾತು ಬಾರದ, ಕಿವಿ ಕೇಳದ ಬಡ ಹುಡುಗನ ಪ್ರತಿಭೆಯನ್ನು ಗುರುತಿಸಿಯೂ ಶ್ರೀಮಂತನ ಮಗನಿಗಾಗಿ ಅವನನ್ನು ಕೈಬಿಡುವವರು. ‘ಡೋರ್’ನಲ್ಲಿ (೨೦೦೬) ರಾಜಸ್ಥಾನದ ಹಳೆಯ ಮನೆತನದ ಯಜಮಾನ, ಸಾಲದಲ್ಲಿ ಹೋಗುವ ಹವೇಲಿಯನ್ನು ಉಳಿಸಿಕೊಳ್ಳಲು ವಿಧವೆಯಾದ ಸೊಸೆಯನ್ನೇ ಒಪ್ಪಿಸಲು ಸಿದ್ಧನಾಗುವ ಮಾವ. ಎರಡೂ ಪಾತ್ರಗಳು ಅವರ ಹಿಂದಿನ ಪಾತ್ರಗಳ ನೆನಪನ್ನು ಬಂಡವಾಳ ಮಾಡಿಕೊಂಡಿವೆ. ‘ಮಾಲ್ಗುಡಿ’ಯ ತಂದೆಯನ್ನೂ ಶರೀಫನ ಗುರುವನ್ನೂ ನಂಬಿದ್ದ ಪ್ರೇಕ್ಷಕ ಈ ಮುಖವನ್ನೂ ನಂಬಿ ಕುಳಿತಿರುತ್ತಾನೆ, ಆ ನಂಬಿಕೆಗೇ ಇಲ್ಲಿ ಪೆಟ್ಟು ಬೀಳುತ್ತದೆ. ‘ಡೋರ್’ನ ಮಾವನಲ್ಲಿ ಖಳನ ಒಂದೂ ಗುರುತಿಲ್ಲ. ವಿಚಾರಶೀಲ ಮುಖ, ತೂಗಿ ಆಡುವ ಮಾತು, ಮನೆತನದ ಮರ್ಯಾದೆಯ ಚಿಂತೆ. ‘ಉಂಬರಠಾ’ದ ಗಂಡ ಮುದುಕನಾದರೆ ಹೀಗಿರುತ್ತಿದ್ದನೇನೋ. ‘ಸಂಸ್ಕಾರ’ದ ಎತ್ತರಕ್ಕೆ ಹತ್ತಿರ ಬಂದ ಎರಡನೆಯ ಪಾತ್ರವೆಂದು ನಾನು ಇದನ್ನು ಗುರುತಿಸುತ್ತೇನೆ.

ಚಿತ್ರಕಥೆಯಲ್ಲಿಯೂ ಪಾಲು ಪಡೆದ ‘ಆ ದಿನಗಳು’ (೨೦೦೭), ಆಮೇಲೆ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಡಾ. ಶೆಣೈ ಆಗಿ ‘ಏಕ್ ಥಾ ಟೈಗರ್’ (೨೦೧೨) ಮತ್ತು ‘ಟೈಗರ್ ಜಿಂದಾ ಹೈ’ (೨೦೧೭) — ಹೀಗೆ ಕೊನೆಯ ದಶಕದಲ್ಲಿಯೂ ಕೆಲಸ ನಿಲ್ಲಲಿಲ್ಲ. ಶೆಣೈ ಎಂಬ ಕೊಂಕಣಿ ಮನೆತನದ ಹೆಸರು ಆ ಪಾತ್ರಕ್ಕೆ ಒದಗಿದ್ದು ಕೇವಲ ಆಕಸ್ಮಿಕವಿರಲಿ, ಇಲ್ಲದಿರಲಿ, ಶಿರಸಿಯವರಿಗೆ ಅದು ಕಿವಿಗೆ ಬೀಳದೆ ಇರದು. ಉಸಿರಾಟದ ತೊಂದರೆಯಿಂದ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡೇ ಅವರು ಕೊನೆಯ ವರ್ಷಗಳಲ್ಲಿ ಸಾರ್ವಜನಿಕ ಸಭೆಗಳಿಗೆ ಬರುತ್ತಿದ್ದರು. ೨೦೧೯ರ ಜೂನ್ ೧೦ರಂದು ಬೆಂಗಳೂರಿನಲ್ಲಿ ನಿಧನರಾದಾಗ, ಅವರ ಇಚ್ಛೆಯಂತೆ ಯಾವ ವಿಧಿಯೂ ಸರಕಾರಿ ಗೌರವವೂ ಇಲ್ಲದೆ ಅಂತ್ಯಕ್ರಿಯೆ ನಡೆಯಿತು. ಅಂದು ಕನ್ನಡದಲ್ಲಿ ಅವರನ್ನು ‘ತುಘಲಕ್’ನ ಕರ್ತೃವೆಂದು ಸ್ಮರಿಸಿದರೆ, ಕರ್ನಾಟಕದ ಹೊರಗೆ ಬಹುಮಂದಿ ಸ್ಮರಿಸಿದ್ದು ಸ್ವಾಮಿಯ ತಂದೆಯನ್ನು.